ಮುಖ ತೋರಿಸದೆ ಹೇಗೆ ಚಿತ್ರ ಮಾಡಲಿ?

ಪ್ರಶ್ನೆ: ಮೇಡಂ, ನಾನು ಕೋಲಾರದ ಕಡೆಯವಳು. ಪತ್ರಿಕೋದ್ಯಮದ ಕೊನೆಯ ವರ್ಷ. ಮ್ಯಾನ್‌ಹೋಲ್, ಮಲದ ಗುಂಡಿಗೆ ಇಳಿದು ಸತ್ತವರ ಕುಟುಂಬಗಳ ಬಗ್ಗೆ 15 ನಿಮಿಷದ ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ. ಗಂಡನನ್ನು ಕಳೆದುಕೊಂಡ ಅಕ್ಕ ಒಬ್ಬರು ಕ್ಯಾಮೆರಾ ಮುಂದೆ ಎಲ್ಲ ಹೇಳಿಕೊಂಡು ಅತ್ತರು. ಈಗ ‘ನನ್ನ ಮುಖ ತೋರಿಸ್ಬೇಡ ಕಣಮ್ಮ’ ಅಂತಿದ್ದಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರಲ್ಲ, ಬಳಸೋಣ ಅನ್ನುತ್ತಾರೆ ಗೆಳೆಯರು. ಏನು ಮಾಡಲಿ?

ಉತ್ತರ: ತೆಗೆದುಬಿಡಿ. ಇವತ್ತೇ ಫೋನ್ ಮಾಡಿ ‘ತೆಗೆದಿದ್ದೀನಿ ಅಕ್ಕ’ ಅಂತ ಹೇಳಿ. ಸಹಿ ಹಾಕಿದ ದಿನ ಅವರಿಗೆ ನಿಮ್ಮ ಮೇಲೆ ನಂಬಿಕೆ ಇತ್ತು. ಆ ಕಾಗದವನ್ನು ಈಗ ಅವರ ಮೇಲೇ ತಿರುಗಿಸಬಾರದು ಅಲ್ವಾ?

ಓದುವಾಗ ನಾನೂ ಇಂಥದ್ದೊಂದು ಚಿತ್ರ ಮಾಡಿದ್ದೆ. ಮುಖ ಮಸುಕು ಮಾಡಿದ್ದೆವು. ಆದರೆ ಹಸಿರು ಗೋಡೆ, ಬಾಗಿಲ ಮೇಲಿನ ಮನೆ ನಂಬರು ಹಾಗೇ ಉಳಿದಿದ್ದವು. ಬೀದಿಯವರಿಗೆ ಅಷ್ಟು ಸಾಕಾಯಿತು. ಆ ಮನೆಯ ಹುಡುಗ ಒಂದು ವಾರ ಶಾಲೆಗೆ ಹೋಗಲಿಲ್ಲ. ಅವನ ಅಮ್ಮ ನನ್ನನ್ನು ಬೈಯಲಿಲ್ಲ. ಸುಮ್ನೆ ನೋಡಿದರು. ಆ ನೋಟ ಇನ್ನೂ ಕಣ್ಣಮುಂದಿದೆ. ಅದಕ್ಕೇ ಹೇಳುತ್ತೇನೆ, ದನಿ, ಕೈಬಳೆ, ಹಿಂದೆ ತೂಗುವ ಫೋಟೊ ಎಲ್ಲವನ್ನೂ ಇನ್ನೊಮ್ಮೆ ನೋಡಿ. ಅಕ್ಕ ಒಪ್ಪಿದರೆ ಅವರ ಮಾತನ್ನು ನೀವೇ ಓದಿ.

ಆ ಅಳು ಹೋದರೆ ಚಿತ್ರದಲ್ಲಿ ಇನ್ನೇನು ಉಳಿಯುತ್ತದೆ ಅಂತ ಚಿಂತೆ ಬೇಡ. ಅವರ ಕಾಗದಗಳ ಹಿಂದೆ ಹೋಗಿ. ಚರಂಡಿಗೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಅಕ್ಕನ ಕೈಗೆ ಎಷ್ಟು ಬಂದಿದೆ? ಅರ್ಜಿ ಯಾವ ಮೇಜಿನ ಮೇಲಿದೆ? ಎಫ್‌ಐಆರ್‌ನಲ್ಲಿ 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯನ್ನು ಹಾಕಿದ್ದಾರಾ, ಇಲ್ಲಾ ಸುಮ್ನೆ ಆಕಸ್ಮಿಕ ಸಾವು ಅಂತ ಬರೆದು ಮುಗಿಸಿದ್ದಾರಾ? ಗುಂಡಿಗೆ ಇಳಿಸಿದ ಕಂಟ್ರಾಕ್ಟರ್ ಏನಾದ? ಹೆಸರುಗಳನ್ನು ಮುಚ್ಚಿ, ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ತೆಗೆಯುವ ಕೈಗಳನ್ನು ತೋರಿಸಿ. ಅಳುವ ಮುಖಕ್ಕಿಂತ ಜಾಸ್ತಿ ಹೊತ್ತು ನೋಡುವವರನ್ನು ಹಿಡಿದಿಡುತ್ತದೆ.

ಇನ್ನೊಂದು ಮಾತು. ನಿಮ್ಮ ಜಿಲ್ಲೆಯ ಕೆಜಿಎಫ್‌ನಲ್ಲೇ, ಇದೇ ಕೆಲಸ ಮಾಡುತ್ತಿದ್ದ ಮನೆಯಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಈ ಪದ್ಧತಿಯ ವಿರುದ್ಧದ ಹೋರಾಟಕ್ಕೆ 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಜನ ಬರೀ ಸತ್ತವರಲ್ಲ, ಹೋರಾಡಿದವರು. ಚಿತ್ರದಲ್ಲಿ ಅದೂ ಬರಲಿ.

ಕಾಲೇಜಿನಲ್ಲಿ ತೋರಿಸುವ ಮೊದಲು ಲ್ಯಾಪ್‌ಟಾಪ್ ತಗೊಂಡು ಅಕ್ಕನ ಮನೆಗೆ ಹೋಗಿ. ಬಾಗಿಲು ಹಾಕಿಕೊಂಡು ಅವರೊಬ್ಬರಿಗೇ ತೋರಿಸಿ. ‘ಇದು ಬೇಡ’ ಅಂದದ್ದನ್ನು ತೆಗೆಯಿರಿ. ಆ 30 ಲಕ್ಷದ ತೀರ್ಪಿನ ಒಂದು ಪ್ರತಿಯನ್ನೂ ಒಯ್ಯಿರಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ. ಅಕ್ಕ ಹೂಂ ಅಂದರೆ ಅಲ್ಲಿಗೆ ನೀವೂ ಜೊತೆಗೆ ಹೋಗಿ. ಆ ದಿನ ಕ್ಯಾಮೆರಾ ಮನೆಯಲ್ಲೇ ಇರಲಿ.