ಆ ಕಲ್ಲಿನ ಗೋಪುರ ಕಾವಲಿಗಲ್ಲ, ನೀರಿಗೆ

ಪ್ರಶ್ನೆ: ಸರ್, ವಿಜಯಪುರದಲ್ಲಿ ಓಣಿಗಳ ನಡುವೆ ಅಲ್ಲಲ್ಲಿ ಎತ್ತರದ, ಚೌಕಾದ ಕಲ್ಲಿನ ಗೋಪುರಗಳು ಕಾಣುತ್ತವೆ. ಶತ್ರು ಬರೋದನ್ನು ನೋಡೋಕೆ ಕಟ್ಟಿದ್ದು ಅಂತ ಕೆಲವರು ಹೇಳುತ್ತಾರೆ. ನಿಜವೇ?
— ಬಿ.ಎ. ವಿದ್ಯಾರ್ಥಿನಿ, ಸಿಂದಗಿ

ಉತ್ತರ: ಅಲ್ಲ ತಂಗಿ. ಅವು ಗಂಜ್‌ಗಳು. ಆದಿಲ್‌ಶಾಹಿ ಕಾಲದಲ್ಲಿ ಊರಿಗೆ ನೀರು ಹಂಚುತ್ತಿದ್ದ ಗೋಪುರಗಳು.

ನಮ್ಮ ಕಡೆ ನೀರಿನ ಪಾಡು ನಿನಗೂ ಗೊತ್ತು. ಮಳೆ ಕಡಿಮೆ. ಡೋಣಿ ದಂಡೆಯ ಎರೆಹೊಲ ಬಿಳಿಜೋಳಕ್ಕೆ ಬಂಗಾರ, ಆದರೆ ಆ ಹೊಳೆಯ ನೀರು ಉಪ್ಪು. ಕೃಷ್ಣೆ, ಭೀಮೆ ಎರಡೂ ದೂರ. ಇಂಥ ಜಾಗದಲ್ಲಿ ರಾಜಧಾನಿ ಬೆಳೆಯಿತು. 1579ರಲ್ಲಿ ಚಾಂದ್ ಬಾವಡಿ, 1620ರಲ್ಲಿ ತಾಜ್ ಬಾವಡಿ ಕಟ್ಟಿದರು. ಬಾವಡಿ ಅಂದರೆ ಮೆಟ್ಟಿಲಿರೋ ದೊಡ್ಡ ಬಾವಿ. ಪಶ್ಚಿಮಕ್ಕಿರುವ ತೊರವಿಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. ಬೀದರಿನಲ್ಲೂ ಇಂಥದ್ದೇ ಇದೆ, ಕರೇಜ್ ಅಂತಾರೆ. ಊರಿನ ದಕ್ಷಿಣಕ್ಕಿರುವ ಬೇಗಂ ತಲಾಬ್ ಎಂಬ ಕೆರೆ 1651ರದು, ಮೊಹಮ್ಮದ್ ಆದಿಲ್‌ಶಾಹನ ಕಾಲದ್ದು.

ನಿನ್ನ ಗೋಪುರಗಳ ಕೆಲಸ ಶುರುವಾಗೋದು ಇಲ್ಲಿಂದ. ಕೆರೆ ಎತ್ತರದಲ್ಲಿ, ಊರು ತಗ್ಗಿನಲ್ಲಿ. ಪಂಪು ಬೇಕಿಲ್ಲ, ನೀರು ತಾನೇ ಇಳಿದು ಬರುತ್ತದೆ. ಆದರೆ ಕೊಳವೆ ಸುಟ್ಟ ಮಣ್ಣಿನದು. ಹಿಂದಿನಿಂದ ನೀರು ಒತ್ತುತ್ತಾ ಹೋದರೆ ಒಡೆಯದೆ ಇರುತ್ತದೆಯೇ? ಅದಕ್ಕೇ ದಾರಿಯಲ್ಲಿ ಗಂಜ್ ಕಟ್ಟಿದರು. ಕೊಳವೆಯ ನೀರು ಗಂಜಿನೊಳಗೆ ಮೇಲಕ್ಕೇರುತ್ತದೆ. ಮೇಲೆ ತೆರೆದ ಗಾಳಿಗೆ ಬಂದ ಕೂಡಲೇ ಒತ್ತಡ ಅಲ್ಲೇ ಕಳೆದುಹೋಗುತ್ತದೆ. ಮುಂದಿನ ಕೊಳವೆ ತಾಳಬೇಕಾದ್ದು ಆ ಗೋಪುರದ ನೀರಿನ ಮಟ್ಟದಿಂದ ಕೆಳಗಿನ ಭಾರ ಮಾತ್ರ. ಜೊತೆಗೆ ಕೆರೆಯಿಂದ ಬಂದ ರಾಡಿಯೂ ತಳದಲ್ಲಿ ಕೂರುತ್ತದೆ. ಎಂಥ ತಲೆ ಅಲ್ವಾ!

ನಮ್ಮ ಓಣಿಯಲ್ಲಿ ಗಟಾರ ತೋಡಿದಾಗ ಅಂಥದೊಂದು ಕೊಳವೆ ಹೊರಬಿದ್ದಿತ್ತು. ಕೆಂಪು ಮಣ್ಣಿನದು. ಒಂದರ ಸಣ್ಣ ಬಾಯಿ ಇನ್ನೊಂದರ ದೊಡ್ಡ ಬಾಯಿಯೊಳಗೆ ಕೂತಿತ್ತು. ಸುತ್ತಲೂ ಗಚ್ಚು ಮತ್ತು ಕಲ್ಲು. ಗುದ್ದಲಿ ಏಟಿಗೆ ಗಚ್ಚು ಸುಲಭಕ್ಕೆ ಬಿಡಲಿಲ್ಲ. ಮಣ್ಣಿನ ಕೊಳವೆ ಅಷ್ಟು ಕಾಲ ಬಾಳಿದ್ದು ಆ ಗಚ್ಚಿನಿಂದಲೇ ಎಂದು ನನಗನಿಸುತ್ತದೆ. ಅದನ್ನು ಎತ್ತಿಡಿ ಅಂತ ಕೇಳಿಕೊಂಡೆ. ಸಂಜೆಗೆ ಚೂರುಗಳಷ್ಟೇ ಉಳಿದಿದ್ದವು. ಆ ಸಂಕಟ ನನಗೆ ಇನ್ನೂ ಇದೆ.

1686ರಲ್ಲಿ ಔರಂಗಜೇಬ ಊರು ಗೆದ್ದ ಮೇಲೆ ರಾಜಧಾನಿಯ ಕಳೆ ಹೋಯಿತು. ಇಂಥ ವ್ಯವಸ್ಥೆಗೆ ಹೂಳು ತೆಗೆಯೋ ಕೈ ಬೇಕೇ ಬೇಕು. ಈಗ ನಮ್ಮ ನಳಕ್ಕೆ ಬರೋದು ಕೊಲ್ಹಾರದ ಕಡೆಯ ಕೃಷ್ಣೆಯ ನೀರು.

ನೀನು ಬಂದಾಗ ಗಂಜ್ ನೋಡಿ ಸುಮ್ನೆ ವಾಪಸ್ ಹೋಗಬೇಡ. ತೊರವಿ ಕಡೆಗೂ ಹೋಗು. ಸುರಂಗದ ಮೇಲೆ ಗಾಳಿಗೆ, ಮಣ್ಣು ತೆಗೆಯಲು ಅಂತ ಬಿಟ್ಟ ಬಾಯಿಗಳು ಬಾವಿಯಂತೆಯೇ ಕಾಣುತ್ತವೆ. ತೀರಾ ಅಂಚಿಗೆ ಹೋಗಬೇಡ. ನಿಮ್ಮ ಪರಿಚಯದವರ ಹೊಲದಲ್ಲಿ ಅಂಥದ್ದಿದ್ದರೆ, ಹಾಳುಬಾವಿ ಅಂತ ಕಸ ತುಂಬದಿರಲು ಹೇಳು.