ಇಳಿಜಾರಲ್ಲಿ ಎಡಗೈ ಹುಷಾರು! ವೈನ್ ನಾಡಿನ ಗ್ರಾವೆಲ್ ಸೈಕಲ್ ಟೂರ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಇಟಲಿಯ ಟಸ್ಕನೀಲಿ ಗೈಡ್ ಜೊತೆ ದ್ರಾಕ್ಷಿ ತೋಟಗಳ ನಡುವೆ ಜಲ್ಲಿ ರಸ್ತೇಲಿ ಸೈಕಲ್ ಹೊಡ್ಕೊಂಡು ಹೋಗೋ ಟೂರ್. ಯಾರೋ ಒಬ್ರು ಹೋಗಿ ಬಂದು ಫೋಟೋ ಹಾಕಿದ್ದೇ ತಡ, ಕಾರವಾರದಿಂದ ಭಟ್ಕಳದವರೆಗೂ ಎಲ್ಲರಿಗೂ ಆಸೆ ಹತ್ಕೊಂಡುಬಿಟ್ಟಿದೆ. ಹೋಗ್ಲಿ, ಒಳ್ಳೇದೇ. ಆದ್ರೆ ಹೆಲ್ಮೆಟ್ ಬೇಕಾ, ನೀರಿನ ಬಾಟಲಿ ಎಷ್ಟು, ಪಂಕ್ಚರ್ ಹಾಕೋಕೆ ಬರ್ಬೇಕಾ ಅನ್ನೋದಕ್ಕೆಲ್ಲ ನಾನು ಇಲ್ಲಿ ಉತ್ತರ ಬರೆಯಲ್ಲ. ಅದು ಗೊತ್ತಿಲ್ದೆ ಅಷ್ಟು ದುಡ್ಡು ಕಟ್ಟಿದ್ರೆ ದೇವ್ರೇ ಕಾಪಾಡ್ಬೇಕು.

ಪ್ರಶ್ನೆ: ಪ್ರತಿ ಭಾನುವಾರ ಕಾರವಾರದಿಂದ ಅಂಕೋಲಾಕ್ಕೆ ಹೋಗಿ ವಾಪಸ್ ಬರ್ತೀನಿ, ಹೈವೇ ಮೇಲೆ, ಆರಾಮಾಗಿ. ಕಿಯಾಂಟಿಯಲ್ಲಿ ಆರು ದಿನದ ಗ್ರಾವೆಲ್ ಟೂರ್ ಬುಕ್ ಮಾಡಿದ್ದೀನಿ, ದಿನಕ್ಕೆ 50-55 ಕಿ.ಮೀ. ಅಷ್ಟೇ ಅಂತೆ. ಬೇರೆ ತಯಾರಿ ಏನಾದ್ರೂ ಬೇಕಾ? (ಕಾರವಾರದ ಓದುಗರು)

ಈ "ಅಷ್ಟೇ" ಅನ್ನೋದೇ ನಂಗೆ ತಲೆಬಿಸಿ ಮಾಡೋದು. ಇದೇ ಪ್ರಶ್ನೆ ಹೊನ್ನಾವರದಿಂದಲೂ ಬಂದಿದೆ, ಯಲ್ಲಾಪುರದಿಂದಲೂ ಬಂದಿದೆ, ಹಾಗಾಗಿ ಎಲ್ಲರಿಗೂ ಸೇರಿಸಿ ಒಂದೇ ಸಲ ಹೇಳಿಬಿಡ್ತೀನಿ.

ಮೊದ್ಲು ಕಿಲೋಮೀಟರ್ ಲೆಕ್ಕ ಬಿಡಿ. ಟೂರ್‌ನವರು ಕಳ್ಸಿರೋ ಕಾಗದದಲ್ಲಿ ದಿನದ ದೂರದ ಪಕ್ಕದಲ್ಲೇ ಏರು ಎಷ್ಟು ಮೀಟರ್ ಅಂತ ಇರುತ್ತೆ, ಅದನ್ನ ಯಾರೂ ಓದಲ್ಲ. ಕಿಯಾಂಟಿ ಅಂದ್ರೆ ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಗುಡ್ಡಗಾಡು, ಗ್ರೇವೆ, ರಾಡ್ಡಾ, ಗಾಯೋಲೆ, ಕಾಸ್ಟೆಲ್ಲಿನಾ ಅಂತ ಸಣ್ಣ ಸಣ್ಣ ಊರು, ಬಹಳಷ್ಟು ಊರು ಗುಡ್ಡದ ನೆತ್ತಿ ಮೇಲೆ, ಒಂದು ಊರಿಂದ ಇನ್ನೊಂದಕ್ಕೆ ಹೋಗ್ಬೇಕಂದ್ರೆ ಕಣಿವೆಗೆ ಇಳಿದು ಮತ್ತೆ ಹತ್ತಬೇಕು, ಸಪಾಟು ಅನ್ನೋದು ಹೆಚ್ಚೂಕಮ್ಮಿ ಇಲ್ವೇ ಇಲ್ಲ. 55 ಕಿ.ಮೀ.ಗೆ ಸಾವಿರ ಮೀಟರ್ ಏರು ಅಲ್ಲಿ ಮಾಮೂಲಿ. ಶಿರಸಿ ಇರೋದು ಸಮುದ್ರಮಟ್ಟದಿಂದ ಆರುನೂರು ಮೀಟರ್ ಆಸುಪಾಸು ಎತ್ತರದಲ್ಲಿ. ಅಂದ್ರೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟಿದ್ರೂ ಅವರ ಒಂದು ದಿನದ ಏರಿಗೆ ಸಾಲಲ್ಲ, ಅದೂ ಟಾರ್ ಮೇಲೆ! ಅಲ್ಲಿ ಜಲ್ಲಿ ಮೇಲೆ, ಮರುದಿನ ಮತ್ತೆ, ಅದರ ಮರುದಿನ ಮತ್ತೆ. ನಿಮ್ಮ ಅಂಕೋಲಾ ಭಾನುವಾರಕ್ಕೂ ಇದಕ್ಕೂ ಸಂಬಂಧ ಇಲ್ಲ.

ಆದ್ರೂ ನಿಜ ಹೇಳ್ತೀನಿ, ಏರಿನ ಬಗ್ಗೆ ನಂಗೆ ಅಷ್ಟೇನು ಚಿಂತೆ ಇಲ್ಲ. ಏರಲ್ಲಿ ಸುಸ್ತಾದ್ರೆ ಇಳಿದು ತಳ್ತೀರಿ, ಹಿಂದೆ ವ್ಯಾನ್ ಬರ್ತಾ ಇರುತ್ತೆ, ಹತ್ಕೊಳ್ತೀರಿ, ಮುಗೀತು. ಗೇರ್ ಮಾತ್ರ ಮೊದಲೇ ಕೇಳ್ಕೊಳ್ಳಿ, ಪೆಡಲ್ ಹತ್ರದ ಚಿಕ್ಕ ಹಲ್ಲುಚಕ್ರಕ್ಕಿಂತ ಹಿಂದಿನ ದೊಡ್ಡ ಹಲ್ಲುಚಕ್ರದಲ್ಲಿ ಹಲ್ಲು ಜಾಸ್ತಿ ಇರೋ ಸೈಕಲ್ಲೇ ಬೇಕು ಅನ್ನಿ. ಇನ್ನೊಂದು, ಜಲ್ಲಿ ಏರಲ್ಲಿ ಸೀಟಿಂದ ಎದ್ದು ನಿಂತು ತುಳೀಬೇಡಿ, ಹಿಂದಿನ ಚಕ್ರದ ಮೇಲಿನ ಭಾರ ಹೋಗಿ ಅದು ಸುಮ್ನೆ ಗಿರ್ರ್ ಅಂತ ತಿರುಗುತ್ತೆ, ಕೂತಲ್ಲೇ ಸೀಟಿನ ಮೂತಿಗೆ ಜರುಗಿ, ಮೊಣಕೈ ಬಗ್ಗಿಸಿ, ನಿಧಾನಕ್ಕೆ ತುಳೀರಿ.

ಜನ ಬೀಳೋದು ಇಳಿಜಾರಲ್ಲಿ. ಕಾಲರ್ ಬೋನ್ ಮುರ್ಕೊಂಡು ಬರೋದು ಇಳಿಜಾರಲ್ಲಿ. ನಮ್ಮ ಕಡೆ ಹುಡುಗ್ರಿಗೆ ಘಟ್ಟ ಇಳಿದು ಅಭ್ಯಾಸ ಇದೆ ಅನ್ನೋ ಧೈರ್ಯ ಬೇರೆ, ಅದೇ ಧೈರ್ಯ ಅಲ್ಲಿ ಕೆಡಿಸೋದು. ಟಾರ್ ರಸ್ತೇಲಿ ಟೈರ್ ಕಚ್ಚಿ ಹಿಡಿಯುತ್ತೆ. ಅಲ್ಲಿ ಬಿಳಿ ಸುಣ್ಣಕಲ್ಲಿನ ಜಲ್ಲಿ, ಕೆಳಗೆ ಗಟ್ಟಿ ನೆಲ, ಮೇಲೆ ಸಡಿಲ ಕಲ್ಲು, ಅಂಗಳದಲ್ಲಿ ಒಣಹಾಕಿದ ಅಡಿಕೆ ಮೇಲೆ ಓಡಿದ ಹಾಗೆ ಇರುತ್ತೆ. ಟ್ರ್ಯಾಕ್ಟರ್ ಚಕ್ರ ಹೋಗಿ ಹೋಗಿ ಎರಡು ಗೆರೆ ಸ್ವಚ್ಛ ಆಗಿರುತ್ತೆ, ನಡುವಿನ ದಿಬ್ಬದಲ್ಲಿ ಜಲ್ಲಿ ಗುಡ್ಡೆ ಬಿದ್ದಿರುತ್ತೆ. ಒಂದು ಗೆರೆ ಹಿಡಿದ್ರೆ ಅದ್ರಲ್ಲೇ ಹೋಗಿ, ಬದಲಾಯಿಸ್ಬೇಕಂದ್ರೆ ನೇರ ರಸ್ತೇಲಿ ಬದಲಾಯಿಸಿ. ತಿರುವಿನ ನಡುಮಧ್ಯ ಆ ದಿಬ್ಬ ದಾಟೋಕೆ ಹೋದವ್ರೇ ಬೀಳೋದು.

ಬ್ರೇಕ್ ತಿರುವಿಗೆ ಮುಂಚೆ ಹಿಡೀರಿ, ತಿರುವಿನ ಒಳಗೆ ಬಿಡಿ. ಹೊರಗಡೆಯ ಪೆಡಲ್ ಕೆಳಗೆ, ಭಾರ ಅದರ ಮೇಲೆ, ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವು ಮುಗಿಯೋ ಜಾಗದ ಮೇಲೆ. ಹ್ಯಾಂಡಲ್‌ನ ಕೆಳಗಿನ ಬಾಗು ಹಿಡ್ಕೊಂಡ್ರೆ ಒಂದೇ ಬೆರಳಲ್ಲಿ ಬ್ರೇಕ್ ಒತ್ತಬಹುದು, ಮೇಲೆ ಹಿಡ್ಕೊಂಡ್ರೆ ಅಂಗೈ ಸೋತುಹೋಗಿ ಕೊನೇ ತಿರುವಲ್ಲಿ ಬೆರಳೇ ಮಡಚೋಕೆ ಬರಲ್ಲ.

ಈಗ ಯಾವ ಟೂರ್ ಏಜೆಂಟೂ ಹೇಳದ ಮಾತು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಲಿವರ್ ಒತ್ತಿದ್ರೆ ಮುಂದಿನ ಬ್ರೇಕು, ಎಡಗೈ ಒತ್ತಿದ್ರೆ ಹಿಂದಿನದು, ಬೈಕಲ್ಲೂ ಬಲಗೈಗೇ ಮುಂದಿನ ಬ್ರೇಕ್ ಇರೋದ್ರಿಂದ ಕೈಗೆ ಅದೇ ರೂಢಿ. ಇಟಲೀಲಿ ಬಾಡಿಗೆಗೆ ಕೊಡೋ ಸೈಕಲ್ಲಲ್ಲಿ ಇದು ಉಲ್ಟಾ, ಎಡಗೈ ಮುಂದಿನ ಚಕ್ರಕ್ಕೆ. ಜಲ್ಲಿ ಇಳಿಜಾರಲ್ಲಿ ಗಾಬರಿಯಾಗಿ "ಹಿಂದಿನ ಬ್ರೇಕ್" ಅಂದ್ಕೊಂಡು ಎಡಗೈ ಗಟ್ಟಿಯಾಗಿ ಒತ್ತಿದ್ರಿ ಅಂದ್ರೆ ಮುಂದಿನ ಚಕ್ರ ಲಾಕ್ ಆಗಿ ಜಾರುತ್ತೆ, ನೀವು ನೆಲದ ಮೇಲೆ. ಸೈಕಲ್ ಕೈಗೆ ಕೊಟ್ಟ ತಕ್ಷಣ ಸೀಟು ಗೀಟು ನೋಡೋಕೂ ಮುಂಚೆ ಮುಂದಕ್ಕೆ ತಳ್ತಾ ಒಂದೊಂದೇ ಲಿವರ್ ಒತ್ತಿ ನೋಡಿ. ಬದಲಾಯಿಸಿ ಕೊಡ್ತೀರಾ ಅಂತ ಬುಕ್ ಮಾಡುವಾಗಲೇ ಕೇಳಿ. ಆಗಲ್ಲ ಅಂದ್ರೆ ಎಡ ಲಿವರಿಗೆ ಕೆಂಪು ಟೇಪ್ ಸುತ್ತಿ, ಮೊದಲ ದಿನ ಸಪಾಟು ಜಾಗದಲ್ಲಿ ಅರ್ಧ ಗಂಟೆ ಬರೀ ಬ್ರೇಕ್ ಹಿಡಿದು ಬಿಟ್ಟು ಮಾಡಿ. ಗುಂಪಿನವ್ರು ನಗಾಡ್ತಾರೆ, ನಗಾಡ್ಲಿ. ಅಂದಹಾಗೆ ಅಲ್ಲಿ ರಸ್ತೆಯ ಬಲಗಡೆ ಹೋಗೋದು, ಇದನ್ನೂ ನಾನೇ ಹೇಳ್ಬೇಕಾ?

ಗಾಳಿ. ಟೈರ್ ಕಲ್ಲಿನ ಹಾಗೆ ಗಟ್ಟಿ ಇದ್ರೆ ಸೈಕಲ್ ಓಡುತ್ತೆ ಅನ್ನೋ ಮೂಢನಂಬಿಕೆ ನಮ್ಮ ಕಡೆ ಇನ್ನೂ ಹೋಗಿಲ್ಲ, ಅಂಗಡಿಯವ್ರು 80 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ತುಂಬಿ ಹೆಬ್ಬೆರಳಲ್ಲಿ ಒತ್ತಿ "ಈಗ ಸರಿ ಆತು ನೋಡಿ" ಅಂತಾರೆ. ಜಲ್ಲಿ ಮೇಲೆ ಗಟ್ಟಿ ಟೈರ್ ಪ್ರತಿ ಕಲ್ಲಿಗೂ ಪುಟಿಯುತ್ತೆ, ಪುಟಿದಾಗೆಲ್ಲ ಹಿಡಿತ ಹೋಗುತ್ತೆ, ವೇಗಾನೂ ಹೋಗುತ್ತೆ, ನಿಮ್ಮ ಮಣಿಕಟ್ಟೂ ಹೋಗುತ್ತೆ. 70 ಕೆಜಿ ಆಸುಪಾಸಿನವ್ರಿಗೆ 40 ಮಿ.ಮೀ. ಅಗಲದ ಟ್ಯೂಬ್‌ಲೆಸ್ ಟೈರಲ್ಲಿ ಮುಂದೆ 28-30, ಹಿಂದೆ 32ರ ಹತ್ರ ಸಾಕು. ಒಳಗೆ ಟ್ಯೂಬ್ ಇದ್ರೆ ನಾಲ್ಕೈದು ಜಾಸ್ತಿ ಹಾಕಿ, ಇಲ್ಲಾಂದ್ರೆ ಕಲ್ಲು ಮತ್ತು ರಿಮ್ ನಡುವೆ ಟ್ಯೂಬ್ ಚಿವುಟಿ ಎರಡು ತೂತಾಗುತ್ತೆ. ಟೈರ್ ಪಕ್ಕದಲ್ಲಿ ಬರೆದಿರೋ ನಂಬರ್ ಗರಿಷ್ಠ ಮಿತಿ, ಅಷ್ಟು ತುಂಬಿ ಅಂತ ಅಲ್ಲ.

ಅಭ್ಯಾಸ ಎಲ್ಲಿ ಮಾಡೋದು ಅಂದ್ರೆ, ಅಘನಾಶಿನಿ ಕಡೆಯ ಗಜನಿ (ಉಪ್ಪುನೀರಿನ ಗದ್ದೆ) ಕಟ್ಟೆಗಳ ಮೇಲೆ ಹೊಡೆದ್ರೆ ಒರಟು ನೆಲ ಸಿಗುತ್ತೆ, ಇಳಿಜಾರು ಸಿಗಲ್ಲ. ಅದಕ್ಕೆ ಶಿರಸಿ ಕಡೆಗೇ ಬನ್ನಿ, ಹುಲೇಕಲ್, ಸೋಂದಾ ಸುತ್ತ ತೋಟಗಳಿಗೆ ಇಳಿಯೋ ಕೆಂಪು ಮಣ್ಣಿನ ರಸ್ತೆ ಬೇಕಾದಷ್ಟಿವೆ, ಖಾಸಗಿ ದಾರಿ ಆದ್ರೆ ಮನೆಯವ್ರನ್ನ ಒಂದು ಮಾತು ಕೇಳಿ. ನಮ್ಮ ಜಂಬಿಟ್ಟಿಗೆ ಮಣ್ಣಿನ ಗುಂಡು ಹರಳು ಅಲ್ಲಿನ ಜಲ್ಲಿಗಿಂತ ಜಾಸ್ತೀನೇ ಜಾರುತ್ತೆ, ಇಲ್ಲಿ ಕಲಿತವ್ರಿಗೆ ಅಲ್ಲಿ ಭಯ ಇಲ್ಲ. ಒಂದೇ ಇಳಿಜಾರನ್ನ ಹತ್ತಿ ಇಳಿದು ಹತ್ತಿ ಇಳಿದು ಮಾಡಿ, ಉದ್ದ ರೈಡ್ ಬೇಡ. ವಾರಕ್ಕೆರಡು ದಿನ, ಮೂರು ತಿಂಗಳು, ಕೊನೆಗೆ ಸತತ ಮೂರು ದಿನ ಹೊಡೆದು ನೋಡಿ, ಮೂರನೇ ದಿನ ಸೀಟಿನ ಮೇಲೆ ಕೂರೋಕೆ ಆಗುತ್ತಾ ಅನ್ನೋದೇ ಪರೀಕ್ಷೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳದಾರಿಗೆ "ಶಾರ್ಟ್‌ಕಟ್" ಅಂತ ನುಗ್ಗೋ ವೀರರು ನನ್ನ ಹತ್ರ ಸಲಹೆ ಕೇಳೋಕೆ ಬರಬೇಡಿ.

ಈ ಅಭ್ಯಾಸದ ಲೆಕ್ಕಕ್ಕೇ ತಿಂಗಳು ನೋಡ್ಕೊಳ್ಳಿ ಅನ್ನೋದು. ಎಲ್ಲರಿಗೂ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಬೇಕು, ದ್ರಾಕ್ಷಿ ಕೊಯ್ಲು ನೋಡ್ಬೇಕು ಅಂತ. ಕೊಯ್ಲು ಚಂದವೇ, ಇಲ್ಲ ಅನ್ನಲ್ಲ. ಆದ್ರೆ ಅದಕ್ಕೆ ಮುಂಚಿನ ಮೂರು ತಿಂಗಳು ನಮ್ಮಲ್ಲಿ ಏನಿರುತ್ತೆ? ಜಡಿ ಮಳೆ, ಪಾಚಿ, ಉಂಬಳ. ಮಣ್ಣು ರಸ್ತೇಲಿ ಸೈಕಲ್ ಇಳಿಸೋ ಹಾಗೇ ಇಲ್ಲ, ತಯಾರಿ ಇಲ್ದೆ ವಿಮಾನ ಹತ್ತೀರಿ. ನಾನಂತೂ ಮೇ ತಿಂಗಳು ಅಂತೀನಿ. ಜನವರಿಯಿಂದ ಏಪ್ರಿಲ್‌ವರೆಗೆ ಇಲ್ಲಿ ಒಣ ನೆಲ, ಬೆಳಗಿನ ಜಾವ ಹೊರಟ್ರೆ ಸೆಕೆ ಏರೋ ಹೊತ್ತಿಗೆ ಮನೆ. ಅಲ್ಲಿ ಮೇನಲ್ಲಿ ಬಳ್ಳಿ ಚಿಗುರಿ ಹಸಿರಾಗಿರುತ್ತೆ, ಕೆಲವು ತೋಟಗಳಲ್ಲಿ ಸಾಲಿನ ತುದಿಗೆ ನೆಟ್ಟಿರೋ ಗುಲಾಬಿ ಹೂ ಬಿಟ್ಟಿರುತ್ತೆ. ಬೂದಿ ರೋಗ ಬಂದ್ರೆ ಗುಲಾಬೀಲಿ ಮೊದಲು ಗೊತ್ತಾಗುತ್ತೆ ಅಂತ ಹಿಂದಿನವ್ರು ನೆಡ್ತಿದ್ರು. ಜುಲೈ, ಆಗಸ್ಟ್ ಬೇಡವೇ ಬೇಡ, ಉರಿಬಿಸಿಲು. ಮಳೆ ಬಂದ ಮರುದಿನ ಸಿಯೆನಾದ ದಕ್ಷಿಣಕ್ಕೆ ಕ್ರೆತೆ ಅನ್ನೋ ಜೇಡಿಮಣ್ಣಿನ ಪ್ರದೇಶಕ್ಕೆ ಹೋಗೋದು ಬೇಡ ಅಂತ ಗೈಡ್ ಹೇಳಿದ್ರೆ ವಾದ ಮಾಡ್ಬೇಡಿ, ಚಕ್ರ ತಿರುಗದ ಹಾಗೆ ಮೆತ್ಕೊಳ್ಳುತ್ತೆ.

ಪ್ರಶ್ನೆ: ಲಕ್ಷಗಟ್ಟಲೆ ಕೊಟ್ಟು ಅಲ್ಲಿಗೆ ಹೋಗಿ ಮಣ್ಣು ರಸ್ತೇಲಿ ಓಡಾಡೋದಾ? ನಮ್ಮೂರಲ್ಲಿ ಇಲ್ವಾ ಮಣ್ಣು ರಸ್ತೆ? (ಸಿದ್ದಾಪುರ)

ಇದೆ ಸ್ವಾಮೀ, ಟಾರ್ ಯಾವಾಗ ಅಂತ ಕಾಯ್ತಾ ಇದೆ. ಅಲ್ಲಿ ಬಿಳಿ ರಸ್ತೆಗೆಲ್ಲ ಟಾರ್ ಬಿದ್ದು ಹೋಗುತ್ತೆ ಅಂತ ಬೇಜಾರಾಗಿ, ಅವನ್ನ ಉಳಿಸೋಕೆ ಅಂತ 1997ರಲ್ಲಿ ಗಾಯೋಲೆಯಲ್ಲಿ ಎರೋಯಿಕಾ ಅನ್ನೋ ಹಳೇ ಸೈಕಲ್ಲುಗಳ ಸವಾರಿ ಶುರು ಮಾಡಿದ್ರು, ಅದ್ರಿಂದಲೇ 2007ರಲ್ಲಿ ವೃತ್ತಿಪರರ ಸ್ಟ್ರಾದೆ ಬಿಯಾಂಕೆ ರೇಸ್ ಹುಟ್ಟಿತು, ಈಗ ಜಗತ್ತೇ ಆ ಧೂಳು ತಿನ್ನೋಕೆ ಹೋಗುತ್ತೆ. ಬೇಡ ಅನ್ಸಿದ್ರೆ ಹೋಗ್ಬೇಡಿ.

ಪ್ರಶ್ನೆ: ಮಧ್ಯಾಹ್ನ ವೈನ್ ಟೇಸ್ಟಿಂಗ್ ಇರುತ್ತಂತೆ. ಒಂದೆರಡು ಗ್ಲಾಸ್ ಕುಡಿದ್ರೆ ರಕ್ತ ಚುರುಕಾಗಿ ಸ್ಟ್ಯಾಮಿನಾ ಬರುತ್ತೆ ಅಂತಾರೆ, ಹೌದಾ? (ಅಂಕೋಲಾ)

ಯಾರು ಅಂತಾರೆ? ಅವ್ರನ್ನ ನನ್ನ ಹತ್ರ ಕಳಿಸಿ. ಆಲ್ಕೋಹಾಲ್ ದೇಹದ ನೀರು ಹೊರಗೆ ಹಾಕುತ್ತೆ, ಸಮತೋಲನ ಮಂದ ಮಾಡುತ್ತೆ, ಸ್ಟ್ಯಾಮಿನಾ ಅಂತೂ ಕೊಡಲ್ಲ. ಮೇಲೆ ಹೇಳಿದ ಇಳಿಜಾರನ್ನ ಅದೇ ತಲೇಲಿ ಇಳೀಬೇಕು ನೀವು. ಕಾನೂನೂ ಇದೆ, ಇಟಲೀಲಿ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ, ಸೈಕಲ್ ಸವಾರರಿಗೂ ಅನ್ವಯ. ಟೇಸ್ಟಿಂಗ್‌ನಲ್ಲಿ ಬಾಯಲ್ಲಿಟ್ಟು ರುಚಿ ನೋಡಿ ಪಕ್ಕದ ಪಾತ್ರೆಗೆ ಉಗುಳೋದು ಅಲ್ಲಿ ಮರ್ಯಾದೆಗೇಡಲ್ಲ, ಪಾತ್ರೆ ಇಟ್ಟಿರೋದೇ ಅದಕ್ಕೆ. ಕುಡೀಲೇಬೇಕು ಅಂದ್ರೆ ದಿನದ ಸವಾರಿ ಮುಗಿಯೋ ಜಾಗದಲ್ಲೇ ಟೇಸ್ಟಿಂಗ್ ಇಡೋ ಟೂರ್ ಆರಿಸ್ಕೊಳ್ಳಿ. ಮಧ್ಯಾಹ್ನ ಎರಡು ತೋಟದಲ್ಲಿ ಕುಡಿಸಿ ಆಮೇಲೆ ಸೈಕಲ್ ಹತ್ತಿಸೋ ಟೂರಿಗೆ ನಾನು ನನ್ನವ್ರನ್ನ ಯಾರನ್ನೂ ಕಳಿಸಲ್ಲ. ಬಾಟಲಿ ಕತ್ತಿನ ಮೇಲೆ ಕಪ್ಪು ಹುಂಜದ ಗುರುತಿದ್ರೆ ಅದು ಕಿಯಾಂಟಿ ಕ್ಲಾಸಿಕೋ, ನೂರಕ್ಕೆ ಕನಿಷ್ಠ 80 ಭಾಗ ಸಾಂಜೋವೇಸೆ ದ್ರಾಕ್ಷಿ. ರಾತ್ರಿ ಊಟದ ಜೊತೆ ತೆಗೀರಿ.

ಪ್ರಶ್ನೆ: ಮೊಣಕಾಲು ನೋವಿದೆ. ಹೋಗೋಕೆ ಮುಂಚೆ ಒಬ್ರು ನಾಟಿ ಪುಡಿ ಕೊಡ್ತಾರೆ, ವಾರದಲ್ಲಿ ಮಾಯ ಅಂತಾರೆ. (ಕುಮಟಾ)

ವಾರದಲ್ಲಿ ಮಾಯ ಆಗೋ ಪುಡೀಲಿ ಏನಿದೆ ಅಂತ ಕೇಳಿ, ಹೇಳಲ್ಲ. ಅಂಥ ಎಷ್ಟೋ ಪುಡಿಗಳಲ್ಲಿ ಲ್ಯಾಬ್‌ನವ್ರಿಗೆ ಸ್ಟಿರಾಯ್ಡ್ ಸಿಕ್ಕಿದೆ. ಮೊಣಕಾಲಿನ ಮುಂಭಾಗ ನೋಯ್ತಿದ್ರೆ ಬಹುತೇಕ ಸೀಟು ತಗ್ಗಾಗಿದೆ, ಹಿಂಭಾಗ ನೋಯ್ತಿದ್ರೆ ಎತ್ತರ ಆಗಿದೆ. ಹಿಮ್ಮಡಿಯನ್ನ ಪೆಡಲ್ ಮೇಲಿಟ್ಟು ಅದನ್ನ ತೀರಾ ಕೆಳಗೆ ತಂದಾಗ ಕಾಲು ನೆಟ್ಟಗಾಗ್ಬೇಕು, ಅಲ್ಲಿಂದ ಶುರು ಮಾಡಿ. ಊತ ಇದ್ರೆ, ರಾತ್ರಿ ನೋವಿದ್ರೆ ಮೂಳೆ ಡಾಕ್ಟರ್. ನಿಮ್ಮ ಸೀಟಿನ ಎತ್ತರ ಅಳೆದು ಬರ್ಕೊಂಡು ಹೋಗಿ, ಅಲ್ಲಿನ ಸೈಕಲ್ಲಿಗೂ ಅಷ್ಟೇ ಇಡಿಸಿ.

ಇ-ಬೈಕ್ ತಗೊಂಡ್ರೆ ಮರ್ಯಾದೆ ಹೋಗುತ್ತಾ? ಹೋಗಲ್ಲ. ಆದ್ರೆ ಇಳಿಜಾರಲ್ಲಿ ಆ ಭಾರಾನೂ ನೀವೇ ನಿಲ್ಲಿಸ್ಬೇಕು.

ಸೀಟಿಗೆ ಜೆಲ್ ಕವರ್? ಬೇಡ. ಪ್ಯಾಡ್ ಇರೋ ಚಡ್ಡಿ, ಒಳಗೆ ಬೇರೇನೂ ಇಲ್ದೆ.

ನಾವು ಶುದ್ಧ ಸಸ್ಯಾಹಾರಿ, ಊಟ? ರೊಟ್ಟಿ-ತರಕಾರಿಯ ರಿಬೊಲ್ಲಿತಾ ಸೂಪು, ಟೊಮೇಟೊ ಹಾಕಿದ ಪೀಚಿ ಅನ್ನೋ ದಪ್ಪ ಶಾವಿಗೆ ಸಿಗುತ್ತೆ, ಸೂಪಿಗೆ ಮಾಂಸದ ನೀರು ಹಾಕಿದ್ದಾರಾ ಕೇಳಿ. ಮೇಲೆ ಉದುರಿಸೋ ಪಾರ್ಮೆಜಾನ್ ಚೀಸನ್ನ ಕರುವಿನ ಹೊಟ್ಟೆಯ ಹೆಪ್ಪಿನಿಂದ ಮಾಡ್ತಾರೆ, ಬೇಡ ಅಂದ್ರೆ ಮೊದಲೇ ಹೇಳಿ.

ಇನ್ಶೂರೆನ್ಸ್ ವೀಸಾಕ್ಕೆ ಮಾಡಿಸಿದ್ದೇ ಸಾಕಾ? ಷೆಂಗೆನ್ ವೀಸಾಕ್ಕೆ 30,000 ಯೂರೋ ಕವರ್ ಇದ್ರೆ ಆಯ್ತು, ಆದ್ರೆ ಬಹಳ ಪಾಲಿಸಿಗಳು ಸಾಹಸ ಕ್ರೀಡೆ ಹೊರಗಿಡ್ತವೆ. ಗ್ರಾವೆಲ್ ಸೈಕ್ಲಿಂಗ್ ಸೇರುತ್ತಾ ಅಂತ ಈಮೇಲಲ್ಲಿ ಬರೆಸ್ಕೊಳ್ಳಿ, ಫೋನಲ್ಲಿ "ಹಾಂ ಸರ್" ಅಂದಿದ್ದು ಲೆಕ್ಕಕ್ಕಿಲ್ಲ.

ಇಟಲಿ ಆಗಲ್ಲ, ನಾಸಿಕ್ ಆಗುತ್ತಾ? ಯಾಕಾಗಲ್ಲ. ಅಲ್ಲಿ ಕೊಯ್ಲು ಜನವರಿಯಿಂದ ಮಾರ್ಚ್, ನಮ್ಮ ಒಣ ತಿಂಗಳಿಗೆ ಸರಿಯಾಗಿ ಹೊಂದುತ್ತೆ, ಸ್ವಂತ ಸೈಕಲ್ಲೇ ಒಯ್ಯಬಹುದು, ಬ್ರೇಕ್ ಉಲ್ಟಾ ಇರೋ ತಲೆನೋವೂ ಇಲ್ಲ.

ಬರುವಾಗ ಎಷ್ಟು ಬಾಟಲಿ ತರಬಹುದು? ಸುಂಕ ಇಲ್ದೆ ತಲಾ ಎರಡು ಲೀಟರ್, ಅಂದ್ರೆ 750 ಎಂಎಲ್‌ದು ಎರಡು. ಹೆಂಡತಿ ಪಾಲಿಂದೂ ಸೇರಿಸ್ಕೊಂಡು ಲೆಕ್ಕ ಹಾಕೋರು ಮೊದಲು ಅವರನ್ನ ಕೇಳಿ.