ಕೊಪ್ಪಳದ ಬಿಸಿಲಲ್ಲಿ ಮಾಳಿಗೆ ಮೇಲೆ ಸೊಪ್ಪು, ತರಕಾರಿ ಬೆಳೆಯಬಹುದಾ?

ಧಾರಾಳವಾಗಿ ಬೆಳೆಯಬಹುದು ರೀ. ಮಲೆನಾಡಿನಿಂದ ಹೊಸದಾಗಿ ಬಂದಿದ್ದೀವಿ, ಈ ಏಪ್ರಿಲ್‌ನಲ್ಲಿ ಕುಂಡದ ಕೊತ್ತಂಬರಿ ಹುಟ್ಟುತ್ತಿಲ್ಲ, ಟೊಮೆಟೊ ಹೂವೆಲ್ಲ ಉದುರುತ್ತಿದೆ ಅಂತ ಬರೆದಿದ್ದೀರಿ. ನಾನಿರೋದು ರಾಯಚೂರಲ್ಲಿ, ಬಿಸಿಲು ಇಬ್ಬರದೂ ಒಂದೇ. ನಿಮ್ಮ ಕೈಗುಣದ ಚಿಂತೆ ಬಿಡಿ. ಬಿತ್ತಿದ ತಿಂಗಳು ಸರಿಯಿಲ್ಲ, ಅಷ್ಟೇ.

ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇದ್ದರೆ ಟೊಮೆಟೊ ಕಾಯಿ ಕಚ್ಚೋದು ಕಷ್ಟ. ನಮ್ಮಲ್ಲಿ ಈಗ 40ರ ಆಸುಪಾಸು. ಆಗಸ್ಟ್‌ನಲ್ಲಿ ಸಸಿ ಮಾಡಿಕೊಳ್ಳಿ. ಕೊತ್ತಂಬರಿ, ಮೆಂತ್ಯೆ, ಸಬ್ಬಸಿಗೆ ದಸರಾ ಆದಮೇಲೆ ಹಾಕಿ. ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಬೇಕು.

ಈಗ ಹಾಕಬೇಕಾದದ್ದು ಪುಂಡಿ, ಅಂದರೆ ಗೋಂಗುರ ಅನ್ನೋ ಹುಳಿ ಸೊಪ್ಪು. ಈ ಕಡೆಯವರ ಊಟಕ್ಕೆ ಪುಂಡಿ ಪಲ್ಯ ಬೇಕೇ ಬೇಕು. ಬಿಸಿಲಿಗೆ ಜಗ್ಗುವ ಗಿಡ ಅಲ್ಲ. ಗಿಡ ಮೊಣಕಾಲೆತ್ತರ ಬಂದಾಗ ತುದಿ ಚಿವುಟಿ. ಚಿವುಟಿದ ಜಾಗದ ಕೆಳಗೆ, ಒಂದೊಂದು ಎಲೆಯ ಬುಡದಲ್ಲೂ ಸಣ್ಣ ಮೊಗ್ಗು ಕಾಣುತ್ತೆ. ಅದೇ ಕವಲಾಗುತ್ತೆ, ಎಲೆ ದುಪ್ಪಟ್ಟಾಗುತ್ತೆ. ಹಗಲು ಚಿಕ್ಕದಾಗುತ್ತಾ ಬಂದಂತೆ ಪುಂಡಿ ಹೂವಿಗೆ ತಿರುಗುತ್ತೆ. ಹಾಗಾಗಿ ಬೇಸಿಗೆಯಲ್ಲೇ ಬಿತ್ತಿದರೆ ಸೊಪ್ಪು ತಿಂಗಳುಗಟ್ಟಲೆ ಸಿಗುತ್ತೆ. ಸೆಪ್ಟೆಂಬರ್‌ನಲ್ಲಿ ಬಿತ್ತಿದರೆ ಗಿಡ ಗಿಡ್ಡ ಇರುವಾಗಲೇ ಹೂವು ಬಿಟ್ಟುಬಿಡುತ್ತೆ. ಜೊತೆಗೆ ಚವಳಿಕಾಯಿ (ಗೋರಿಕಾಯಿ), ಬೆಂಡೆ, ರಾಜಗಿರಿ ಹಾಕಿ. ದೊಡ್ಡ ಕುಂಡ ಇದ್ದರೆ ಒಂದು ಕರಿಬೇವು. ಪುದೀನಾ ಮಾತ್ರ ಗೋಡೆಯ ನೆರಳಿಗೆ ಇಡಿ.

ಇನ್ನು ಮಣ್ಣು. ಹೊಲದ ಎರೆ (ಕಪ್ಪು) ಮಣ್ಣನ್ನೇ ಕುಂಡಕ್ಕೆ ತುಂಬಬೇಡಿ. ಒಣಗಿದಾಗ ಅದು ಕುಂಡದ ಗೋಡೆ ಬಿಟ್ಟು ಒಳಗೆ ಸರಿಯುತ್ತೆ. ನೀರು ಆ ಸಂದಿಯಲ್ಲೇ ಇಳಿದು ಹೋಗುತ್ತೆ, ಬೇರು ಒಣಗಿಯೇ ಇರುತ್ತೆ. ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಒಂದು ಪಾಲು ಭತ್ತದ ಹೊಟ್ಟು ಬೆರೆಸಿ. ಗಂಗಾವತಿ ನಿಮಗೆ ಹತ್ತಿರ, ಅಲ್ಲಿಯ ಅಕ್ಕಿ ಗಿರಣಿಗಳಲ್ಲಿ ಹೊಟ್ಟಿಗೆ ಬರ ಇಲ್ಲ. ಮೇಲೆ ಶೇಂಗಾ ಸಿಪ್ಪೆ ಹರಡಿದರೆ ತೇವ ಬೇಗ ಆರೋದಿಲ್ಲ.

ನೀರಿನ ಬಗ್ಗೆ ನೀವು ಕೇಳಿಲ್ಲ, ಆದರೆ ನಮ್ಮ ಕಡೆ ಅದೇ ಜಾಸ್ತಿ ಕಾಡೋದು. ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿದೆಯಾ ನೋಡಿ. ಎಲೆಯ ಅಂಚು ಕಂದಾಗಿ ಸುಟ್ಟಂತೆ ಕಾಣುತ್ತಾ? ಹಾಗಿದ್ದರೆ ನಿಮ್ಮ ಬೋರಿನದು ಸವಳು ನೀರು ಇರಬಹುದು. ದಿನಾ ಸುಮ್ನೆ ಮೇಲೆ ಚಿಮುಕಿಸಿದರೆ ಉಪ್ಪು ಅಲ್ಲೇ ಉಳಿಯುತ್ತೆ. ಆಗಾಗ ಕುಂಡದ ತಳದ ತೂತಿನಿಂದ ಧಾರೆಯಾಗಿ ಹರಿಯುವಷ್ಟು ನೀರು ಬಿಡಿ. ಮಳೆ ನೀರು ಹಿಡಿದಿಟ್ಟರೆ ಇನ್ನೂ ಒಳ್ಳೇದು. ಪಾಲಕ್ ಸವಳನ್ನು ತಡೆದುಕೊಳ್ಳುತ್ತೆ, ಬೀನ್ಸ್‌ಗೆ ಆಗೋದೇ ಇಲ್ಲ.

ಗಿಡಕ್ಕೆ ಹೇನು ಬಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಕಲಸಿ, ಸಂಜೆ ಹೊತ್ತು ಎಲೆಯ ಕೆಳಗೂ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತೆ.

ಪುಂಡಿ ಬೀಜಕ್ಕೆ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯರನ್ನೇ ಕೇಳಿ. ಹುಳಿ ಜಾಸ್ತಿ ಬೇಕಿದ್ದರೆ ಕೆಂಪು ದಂಟಿನದೇ ಕೊಡಿ ಅನ್ನಿ.